ಕಾನ್ಫರೆನ್ಸಿನ ಅಬ್‌ಸ್ಟ್ರಾಕ್ಟ್‌ಗಳಲ್ಲಿ ಎಷ್ಟು ಪೇಪರ್ ಆದವು? ಎಣಿಸುವ ಬಗೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಮೆಡಿಕಲ್ ಕಾಲೇಜುಗಳಿಂದ ಪ್ರತಿ ವರ್ಷ ರಾಜ್ಯ, ರಾಷ್ಟ್ರ ಮಟ್ಟದ ಕಾನ್ಫರೆನ್ಸ್‌ಗಳಿಗೆ ಅಬ್‌ಸ್ಟ್ರಾಕ್ಟ್‌ಗಳು, ಅಂದರೆ ಸಂಶೋಧನೆಯ ಚಿಕ್ಕ ಸಾರಾಂಶಗಳು, ಹೋಗುತ್ತವೆ. ಪೋಸ್ಟರ್ ಗೋಡೆಗೆ ಏರುತ್ತದೆ, ಎಂಟು ನಿಮಿಷದ ಮಂಡನೆ ಮುಗಿಯುತ್ತದೆ, ಸರ್ಟಿಫಿಕೇಟ್ ಫೈಲಿಗೆ ಸೇರುತ್ತದೆ. ಆ ಕೆಲಸ ಮುಂದೆ ಜರ್ನಲ್‌ನಲ್ಲಿ ಪೂರ್ಣ ಪೇಪರ್ ಆಗಿ ಬಂತೇ ಎಂದು ಲೆಕ್ಕ ಇಟ್ಟ ವಿಭಾಗಗಳು ಅಪರೂಪ. ಲೆಕ್ಕ ಇಡಬೇಕೆನ್ನುವ ಪಿ.ಜಿ. ವಿದ್ಯಾರ್ಥಿಗಳು, ಗೈಡ್‌ಗಳು ಮತ್ತು ಲೈಬ್ರರಿಯವರಿಗಾಗಿ ಈ ಬರಹ. ದುಡ್ಡಿನ ಖರ್ಚು ಹೆಚ್ಚುಕಡಿಮೆ ಇಲ್ಲ. ಬೇಕಾದದ್ದು ಇಬ್ಬರು ಮನುಷ್ಯರು, ಒಂದು ಸ್ಪ್ರೆಡ್‌ಶೀಟ್ ಮತ್ತು ತಾಳ್ಮೆ.

ಜಗತ್ತಿನ ಮಟ್ಟದ ಅಂದಾಜು ಈಗಾಗಲೇ ಇದೆ. ವೈದ್ಯಕೀಯ ಕಾನ್ಫರೆನ್ಸ್‌ಗಳ ಬಗ್ಗೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಅಂತರರಾಷ್ಟ್ರೀಯ ಸಂಸ್ಥೆ ಕೊಕ್ರೇನ್ 2018ರಲ್ಲಿ ಹೊರತಂದ ವಿಮರ್ಶೆ 425 ಅಧ್ಯಯನಗಳನ್ನು ಒಟ್ಟುಗೂಡಿಸಿ 3,07,028 ಅಬ್‌ಸ್ಟ್ರಾಕ್ಟ್‌ಗಳ ಬೆನ್ನುಹತ್ತಿತು. ಪೂರ್ಣ ಪೇಪರ್ ಆದವು ಶೇ 37.3. ಟ್ರಯಲ್‌ಗಳನ್ನಷ್ಟೇ (ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಅಧ್ಯಯನಗಳನ್ನಷ್ಟೇ) ತೆಗೆದುಕೊಂಡರೆ ಶೇ 59.8. ಇದೇ ವಿಮರ್ಶೆಯ 2007ರ ಆವೃತ್ತಿಯಲ್ಲಿ 79 ಅಧ್ಯಯನಗಳು, 29,729 ಅಬ್‌ಸ್ಟ್ರಾಕ್ಟ್‌ಗಳು, ಶೇ 44.5. ಅಂದರೆ ಎಲ್ಲ ಬಗೆಯ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಅಬ್‌ಸ್ಟ್ರಾಕ್ಟ್‌ನಲ್ಲೇ ನಿಂತುಬಿಡುತ್ತದೆ. ನಿಲ್ಲುವುದೂ ಸಮನಾಗಿ ನಿಲ್ಲುವುದಿಲ್ಲ. ಚಿಕಿತ್ಸೆಯಿಂದ ಲಾಭ ಕಂಡ ಅಧ್ಯಯನಗಳು ಹೆಚ್ಚು ಪೇಪರ್ ಆಗುತ್ತವೆ, ಲಾಭ ಕಾಣದವು ಕಡಿಮೆ. ಆಮೇಲೆ ಯಾರಾದರೂ ಜರ್ನಲ್‌ಗಳನ್ನಷ್ಟೇ ಓದಿ ಆ ಚಿಕಿತ್ಸೆಗೆ ಅಂಕ ಹಾಕಿದರೆ, ಸಿಗಬೇಕಾದ್ದಕ್ಕಿಂತ ಹೆಚ್ಚು ಅಂಕ ಸಿಗುತ್ತದೆ.

ನಿಮ್ಮ ವಿಭಾಗದ ಶೇಕಡಾವಾರು 37ಕ್ಕಿಂತ ಮೇಲೋ ಕೆಳಗೋ ಎನ್ನುವ ಮೊದಲು ಒಂದು ಮಾತು: ಈ ಎಣಿಕೆಯಲ್ಲಿ ಬರುವ ಸಂಖ್ಯೆಯನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ. ಛೇದದಲ್ಲಿ (ಒಟ್ಟು ಎಂದು ಹಿಡಿಯುವ ಸಂಖ್ಯೆಯಲ್ಲಿ) ಏನನ್ನು ಇಟ್ಟಿರಿ, ಎಲ್ಲಿ ಹುಡುಕಿದಿರಿ, ಯಾವುದನ್ನು 'ಅದೇ ಕೆಲಸ' ಎಂದು ಒಪ್ಪಿದಿರಿ. ಒಂದೇ ಕಾನ್ಫರೆನ್ಸನ್ನು ಇಬ್ಬರು ಎಣಿಸಿ ಒಬ್ಬರಿಗೆ ಶೇ 20, ಇನ್ನೊಬ್ಬರಿಗೆ ಶೇ 40 ಬಂದರೆ ಇಬ್ಬರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಅದಕ್ಕೇ ನಿಯಮಗಳನ್ನು ಹುಡುಕಾಟಕ್ಕೆ ಮೊದಲೇ ಒಂದು ಪುಟದಲ್ಲಿ ಬರೆದು, ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡಿ ಇಡಿ.

ಯಾವ ಕಾನ್ಫರೆನ್ಸ್, ಯಾವ ವರ್ಷ

ಕನಿಷ್ಠ 4 ವರ್ಷ ಹಳೆಯ ಕಾನ್ಫರೆನ್ಸ್ ಬೇಕು, 5 ಆದರೆ ಒಳ್ಳೆಯದು. ಪ್ರಕಟವಾಗುವವುಗಳಲ್ಲಿ ಬಹುಪಾಲು ಮೊದಲ ಎರಡು-ಮೂರು ವರ್ಷಗಳಲ್ಲೇ ಬರುತ್ತವೆ, ಆದರೆ ಬಾಲ ಉದ್ದ. ಹೋದ ವರ್ಷದ ಕಾನ್ಫರೆನ್ಸನ್ನು ಎಣಿಸಿ "ಶೇ 9 ಮಾತ್ರ" ಎಂದು ಬೋರ್ಡ್ ಹಾಕುವುದು ಅನ್ಯಾಯ. 2020 ಮತ್ತು 2021ನ್ನು ಬಿಡುವುದು ಮೇಲು. ಕೋವಿಡ್‌ನಿಂದ ಎಷ್ಟೋ ಕಾನ್ಫರೆನ್ಸ್‌ಗಳು ಮುಂದಕ್ಕೆ ಹೋದವು, ಎಷ್ಟೋ ಆನ್‌ಲೈನ್ ಆದವು. ಆ ವರ್ಷಗಳ ಸಂಖ್ಯೆಯನ್ನು ಬೇರೆ ವರ್ಷಗಳ ಪಕ್ಕ ಇಟ್ಟು ನೋಡಲು ಬರುವುದಿಲ್ಲ.

ಅಬ್‌ಸ್ಟ್ರಾಕ್ಟ್‌ಗಳ ಪಟ್ಟಿ ಸಿಗುವುದು ಸ್ಮರಣ ಸಂಚಿಕೆಯಲ್ಲಿ, ಅಬ್‌ಸ್ಟ್ರಾಕ್ಟ್ ಪುಸ್ತಕದಲ್ಲಿ ಅಥವಾ ಜರ್ನಲ್‌ನ ಸಪ್ಲಿಮೆಂಟ್‌ನಲ್ಲಿ. ನಮ್ಮ ಕಡೆಯ ತೊಂದರೆ ಎಂದರೆ ಕಾನ್ಫರೆನ್ಸಿನ ವೆಬ್‌ಸೈಟ್ ಬಹಳ ದಿನ ಉಳಿಯುವುದಿಲ್ಲ. ಡೊಮೇನ್‌ನ ಬಾಡಿಗೆ ಕಟ್ಟುವವರಿಲ್ಲದೆ ಮಾಯವಾಗುತ್ತದೆ. ಆಗ ಹಳೆಯ ವೆಬ್‌ಪುಟಗಳ ಪ್ರತಿ ಇಟ್ಟಿರುವ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ವಿಳಾಸ ಹಾಕಿ ನೋಡಿ. ಇಲ್ಲವಾದರೆ ಸಂಘಟನಾ ಕಾರ್ಯದರ್ಶಿಗಳನ್ನೇ ಕೇಳಬೇಕು. ಯಾರದೋ ಕಪಾಟಿನಲ್ಲಿ ಕಾನ್ಫರೆನ್ಸ್ ಬ್ಯಾಗಿನೊಳಗೆ ಪುಸ್ತಕ ಇದ್ದೇ ಇರುತ್ತದೆ.

ಪುಸ್ತಕ ಸಿಕ್ಕ ಮೇಲೆ ಛೇದವನ್ನು ಶುಚಿ ಮಾಡಿ. ಆಹ್ವಾನಿತ ಉಪನ್ಯಾಸ, ವಿಡಿಯೊ ಸೆಷನ್, ಕ್ವಿಜ್ ಎಲ್ಲ ಹೊರಗೆ. ಒಂದೇ ಅಬ್‌ಸ್ಟ್ರಾಕ್ಟ್ ಎರಡು ಸಲ ಅಚ್ಚಾಗಿದ್ದರೆ ಒಂದೇ ಎಂದು ಎಣಿಸಿ. ಕೇಸ್ ರಿಪೋರ್ಟ್‌ಗಳನ್ನು ಇಟ್ಟುಕೊಳ್ಳಬಹುದು, ಆದರೆ ಗುರುತು ಹಾಕಿ ಬೇರೆಯಾಗಿ ಎಣಿಸಿ. ಪುಸ್ತಕದಲ್ಲಿ ಅಚ್ಚಾದದ್ದೆಲ್ಲ ವೇದಿಕೆಯ ಮೇಲೆ ಬಂದಿತ್ತು ಎಂದೇನೂ ಅಲ್ಲ. ಹಾಜರಾತಿಯ ದಾಖಲೆ ಸಿಗದಿದ್ದರೆ ನಿಮ್ಮ ವರದಿಯಲ್ಲಿ 'ಮಂಡಿಸಿದ' ಎನ್ನದೆ 'ಸ್ವೀಕೃತವಾದ' ಎಂದು ಬರೆಯಿರಿ.

ಎಷ್ಟು ಎಣಿಸಬೇಕು? 200ರ ಒಳಗಿದ್ದರೆ ಎಲ್ಲವನ್ನೂ. 600 ಇದ್ದರೆ ಮಾದರಿ ಸಾಕು. ಶೇ 37ನ್ನು ನಿರೀಕ್ಷಿಸಿ, ಆಚೆ ಈಚೆ ಶೇ 5ರ ನಿಖರತೆ ಬೇಕೆಂದರೆ 359 ಬರುತ್ತದೆ. ಒಟ್ಟು 600ರೊಳಗಿಂದಲೇ ತೆಗೆಯುವುದರಿಂದ ಅದು 225ಕ್ಕೆ ಇಳಿಯುತ್ತದೆ. ಆಚೆ ಈಚೆ ಶೇ 10 ಸಾಕು ಎಂದರೆ, ಈ ಇಳಿಕೆ ಲೆಕ್ಕಕ್ಕೆ ಹಿಡಿಯದೆಯೂ 90. ಆಯ್ಕೆ ಮಾತ್ರ ರ‍್ಯಾಂಡಮ್ ಸಂಖ್ಯೆಯಿಂದಲೇ ಆಗಬೇಕು. ಮೊದಲ 225ನ್ನು ತೆಗೆದುಕೊಂಡರೆ ಓರಲ್ ಮಂಡನೆಗಳೆಲ್ಲ ನಿಮ್ಮ ಪಾಲಿಗೆ ಬಂದು, ಹಿಂದಿನ ಪುಟಗಳ ಪೋಸ್ಟರ್‌ಗಳು ಹೊರಗುಳಿಯುತ್ತವೆ. ಓರಲ್ ಮಂಡನೆಗಳು ಪೇಪರ್ ಆಗುವುದು ಹೆಚ್ಚು. ನಿಮ್ಮ ಶೇಕಡಾವಾರು ಪುಕ್ಕಟೆ ಏರಿಬಿಡುತ್ತದೆ.

ಸ್ಪ್ರೆಡ್‌ಶೀಟ್

ಒಂದು ಅಬ್‌ಸ್ಟ್ರಾಕ್ಟ್‌ಗೆ ಒಂದು ಸಾಲು. ಎಡಗಡೆ ಪುಸ್ತಕದಿಂದ ತೆಗೆದದ್ದು: ಕ್ರಮಸಂಖ್ಯೆ, ಶೀರ್ಷಿಕೆ ಇದ್ದ ಹಾಗೇ, ಎಲ್ಲ ಲೇಖಕರು, ಸಂಸ್ಥೆ, ಓರಲ್ ಅಥವಾ ಪೋಸ್ಟರ್, ಅಧ್ಯಯನದ ವಿನ್ಯಾಸ, ರೋಗಿಗಳ ಸಂಖ್ಯೆ, ಅಧ್ಯಯನದ ಅವಧಿ, ಮುಖ್ಯ ಫಲಿತಾಂಶ ಯಾವ ದಿಕ್ಕಿಗೆ. ಬಲಗಡೆ ಹುಡುಕಾಟದ್ದು: ಹುಡುಕಿದ ದಿನಾಂಕ, ಎಲ್ಲಿ, ಯಾವ ಪದಗಳಿಂದ, ಸಿಕ್ಕ ಪೇಪರಿನ ಶೀರ್ಷಿಕೆ, ಜರ್ನಲ್, ಡಿಒಐ (ಪೇಪರಿನ ಶಾಶ್ವತ ಗುರುತಿನ ಸಂಖ್ಯೆ), ಮೊದಲು ಆನ್‌ಲೈನ್ ಬಂದ ದಿನಾಂಕ, ಪೇಪರಿನಲ್ಲಿರುವ ರೋಗಿಗಳ ಸಂಖ್ಯೆ, ಹೊಂದಾಣಿಕೆಯ ದರ್ಜೆ, ಸಂಶಯ. ಕೊನೆಯ ಕಾಲಮ್ಮನ್ನು ಖಾಲಿ ಬಿಡುವವರೇ ಹೆಚ್ಚು. ಆರು ತಿಂಗಳ ನಂತರ ಅತ್ಯಂತ ಉಪಯೋಗಕ್ಕೆ ಬರುವುದು ಅದೇ.

'ಮುಖ್ಯ ಫಲಿತಾಂಶ ಯಾವ ದಿಕ್ಕಿಗೆ' ಎಂಬುದನ್ನು ಹುಡುಕಾಟಕ್ಕೆ ಮೊದಲೇ ತುಂಬಿ ಮುಗಿಸಿ. ಪೇಪರ್ ಸಿಕ್ಕಿದ್ದು ಗೊತ್ತಾದ ಮೇಲೆ ತುಂಬಿದರೆ, ಸಂಶಯ ಇದ್ದಲ್ಲೆಲ್ಲ ಕೈ ತಾನಾಗಿ 'ಧನಾತ್ಮಕ' ಎಂದು ಬರೆಯುತ್ತದೆ.

ಹುಡುಕಾಟ

ಮೊದಲು ಪಬ್‌ಮೆಡ್, ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಉಚಿತ ತಾಣ. ಅಡ್ವಾನ್ಸ್‌ಡ್ ಸರ್ಚ್‌ಗೆ ಹೋಗಿ ಆಥರ್ ಖಾನೆಯಲ್ಲಿ ಮೊದಲ ಲೇಖಕರ ಹೆಸರು, ಟೈಟಲ್/ಅಬ್‌ಸ್ಟ್ರಾಕ್ಟ್ ಖಾನೆಯಲ್ಲಿ ಎರಡು ಮುಖ್ಯ ಪದ. ಸಿಗದಿದ್ದರೆ ಕೊನೆಯ ಲೇಖಕರ ಹೆಸರು, ಅಂದರೆ ಸಾಮಾನ್ಯವಾಗಿ ಗೈಡ್. ಅದೂ ಇಲ್ಲವಾದರೆ ಹೆಸರು ಬಿಟ್ಟು ಪದಗಳು ಮತ್ತು ಊರು. ಕೊನೆಗೆ ಗೂಗಲ್ ಸ್ಕಾಲರ್‌ನಲ್ಲಿ ಶೀರ್ಷಿಕೆಯ ಐದಾರು ಪದಗಳನ್ನು ಉದ್ಧರಣ ಚಿಹ್ನೆಯಲ್ಲಿಟ್ಟು, ಆಮೇಲೆ ಚಿಹ್ನೆ ತೆಗೆದು, ಮೊದಲ 30 ಫಲಿತಾಂಶ ನೋಡಿ. ಒಂದು ಅಬ್‌ಸ್ಟ್ರಾಕ್ಟ್‌ಗೆ 10ರಿಂದ 15 ನಿಮಿಷ ಹಿಡಿಯುತ್ತದೆ. 120 ಇದ್ದರೆ ಒಬ್ಬರಿಗೆ 20ರಿಂದ 30 ಗಂಟೆಯ ಕೆಲಸ. ದಿನಕ್ಕೆ 10ಕ್ಕಿಂತ ಹೆಚ್ಚು ಮಾಡಬೇಡಿ, ಕಣ್ಣು ಮೋಸ ಮಾಡುತ್ತದೆ.

ಪಬ್‌ಮೆಡ್ ಒಂದರಲ್ಲೇ ನಿಂತರೆ ಎಣಿಕೆ ಕೆಡುವುದು ಖಚಿತ. ಭಾರತದ ಎಷ್ಟೋ ಜರ್ನಲ್‌ಗಳು ಅಲ್ಲಿಲ್ಲ. ನಮ್ಮ ಭಾಗದ ಪೇಪರ್‌ಗಳಿಗಂತೂ ಗೂಗಲ್ ಸ್ಕಾಲರ್ ಅನಿವಾರ್ಯ. ಆದರೆ ಅದು ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ನ ಪರಿಶೀಲನೆಗೆ ಮೊದಲೇ ಆನ್‌ಲೈನ್ ಹಾಕಿದ ಕರಡು), ಕಾನ್ಫರೆನ್ಸ್ ಸಪ್ಲಿಮೆಂಟ್‌ನಲ್ಲಿರುವ ಅದೇ ಅಬ್‌ಸ್ಟ್ರಾಕ್ಟ್, ಎಲ್ಲವನ್ನೂ ಒಟ್ಟಿಗೆ ತಂದು ಸುರಿಯುತ್ತದೆ. ಪೂರ್ಣ ಪೇಪರ್ ಎಂದರೆ ವಿಧಾನ, ಫಲಿತಾಂಶ, ಚರ್ಚೆ ಇರುವ, ಜರ್ನಲ್‌ನಲ್ಲಿ ಬಂದ ಲೇಖನ ಎಂದು ನಿಯಮದ ಪುಟದಲ್ಲಿ ಬರೆದಿಟ್ಟಿದ್ದರೆ ಇಲ್ಲಿ ಜಗಳ ಬರುವುದಿಲ್ಲ. ದುಡ್ಡು ಕೊಟ್ಟರೆ ಮೂರು ದಿನದಲ್ಲಿ ಅಚ್ಚು ಹಾಕುವ ಜರ್ನಲ್‌ಗಳಲ್ಲಿ ಬಂದವನ್ನು ಅಳಿಸಬೇಡಿ, ಬೇರೆ ಗುರುತು ಹಾಕಿ. ಅವುಗಳನ್ನು ಸೇರಿಸಿ ಒಂದು ಸಂಖ್ಯೆ, ಬಿಟ್ಟು ಒಂದು ಸಂಖ್ಯೆ, ಎರಡನ್ನೂ ಕೊಡಿ.

ನಮ್ಮಲ್ಲಿ ಹುಡುಕಾಟ ಹೆಚ್ಚಾಗಿ ತಪ್ಪುವುದು ಹೆಸರಿನಲ್ಲಿ. 'ಪಾಟೀಲ ಎಸ್' ಎಂದು ಹಾಕಿದರೆ ಅರ್ಧ ಮಹಾರಾಷ್ಟ್ರ, ಪೂರ್ತಿ ಉತ್ತರ ಕರ್ನಾಟಕ ಎದ್ದು ಬರುತ್ತದೆ. ಹಿರೇಮಠ, ಕುಲಕರ್ಣಿ, ದೇಸಾಯಿ, ಅಂಗಡಿ ಕಥೆಯೂ ಅದೇ. ಪುಸ್ತಕದಲ್ಲಿ ಅಡ್ಡಹೆಸರು ಮೊದಲಿದ್ದು ಪೇಪರಿನಲ್ಲಿ ಇನಿಷಿಯಲ್ ಮೊದಲಿರಬಹುದು. ಎರಡು ಇನಿಷಿಯಲ್ ಇದ್ದವರು ಒಂದಕ್ಕೆ ಇಳಿದಿರಬಹುದು. ಇಂಗ್ಲಿಷ್ ಕಾಗುಣಿತದಲ್ಲಿ 'ಮಠ'ದ ಕೊನೆಯ ಅಕ್ಷರ ಬಂದೂ ಹೋಗಿಯೂ ಆಡುತ್ತದೆ. ಅಬ್‌ಸ್ಟ್ರಾಕ್ಟ್ ಬರೆಯುವಾಗ ಪಿ.ಜಿ. ಇದ್ದ ಹೆಣ್ಣುಮಕ್ಕಳ ಅಡ್ಡಹೆಸರು ಮದುವೆಯ ನಂತರ ಬದಲಾಗಿರುವುದೂ ಸಾಮಾನ್ಯ. ಹಾಗಾಗಿ ಗೈಡ್ ಹೆಸರಿನಿಂದ ಹುಡುಕುವುದನ್ನು ಯಾವ ಸಾಲಿಗೂ ಬಿಡಬೇಡಿ.

ಸಂಸ್ಥೆಯ ಹೆಸರೂ ಅಷ್ಟೇ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಹುಬ್ಳಿ ಅಧಿಕೃತವಾಗಿ ಹುಬ್ಬಳ್ಳಿ. ಪೇಪರ್‌ಗಳಲ್ಲಿ ಇಂದಿಗೂ ಎರಡೂ ಓಡುತ್ತವೆ. ವಿದ್ಯಾನಗರದ ಸರ್ಕಾರಿ ಮೆಡಿಕಲ್ ಕಾಲೇಜು ಮೊದಲು ಕೆಎಂಸಿ, ಆಮೇಲೆ ಕಿಮ್ಸ್, ಈಗ ಕೆಎಂಸಿ-ಆರ್‌ಐ. ಮೂರೂ ಹೆಸರಿನಿಂದ ಹುಡುಕಬೇಕು. 'ಕಿಮ್ಸ್' ಎಂದಷ್ಟೇ ಹಾಕಿದರೆ ಬೆಂಗಳೂರಿನ ಕೆಂಪೇಗೌಡ ಸಂಸ್ಥೆ, ಭುವನೇಶ್ವರದ ಕಳಿಂಗ ಸಂಸ್ಥೆ, ಕರಾಡದ ಕೃಷ್ಣಾ ಸಂಸ್ಥೆ ಎಲ್ಲವೂ ಬರುತ್ತವೆ. 'ಕೆಎಂಸಿ' ಎಂದರೆ ಮಣಿಪಾಲ, ಮಂಗಳೂರು. ಇನ್ನೊಂದು ಸೂಕ್ಷ್ಮ: 2014ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಪಬ್‌ಮೆಡ್ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸವನ್ನಷ್ಟೇ ಇಟ್ಟುಕೊಂಡಿದೆ. ಹಳೆಯ ಕಾನ್ಫರೆನ್ಸ್ ಆಗಿದ್ದರೆ ಊರಿನ ಹೆಸರಿನಿಂದ ಹುಡುಕಿ ಸಿಗಲಿಲ್ಲ ಎಂದು ಕೈಬಿಡುವ ಹಾಗಿಲ್ಲ.

ಕೃಷಿಯವರಿಗೆ ಪಬ್‌ಮೆಡ್‌ನಿಂದ ಹೆಚ್ಚು ಪ್ರಯೋಜನ ಇಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾನ್ಫರೆನ್ಸ್‌ಗಳನ್ನು ಎಣಿಸುವುದಾದರೆ ಕ್ಯಾಬ್ ಅಬ್‌ಸ್ಟ್ರಾಕ್ಟ್ಸ್, ಅಗ್ರಿಸ್ ಎಂಬ ಕೃಷಿ ಡೇಟಾಬೇಸ್‌ಗಳು, ಜೊತೆಗೆ ವಿಶ್ವವಿದ್ಯಾಲಯದ್ದೇ ಆದ ಜರ್ನಲ್ ಆಫ್ ಫಾರ್ಮ್ ಸೈನ್ಸಸ್ (ಮೊದಲಿನ ಹೆಸರು ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್). ಕೃಷಿ ಥೀಸಿಸ್‌ಗಳ ಆನ್‌ಲೈನ್ ಭಂಡಾರ ಕೃಷಿಕೋಶದಲ್ಲಿ ಸಿಕ್ಕ ಥೀಸಿಸ್ ಪೇಪರ್ ಅಲ್ಲ, ಆದರೆ ಅದರಲ್ಲಿರುವ ಪೂರ್ಣ ಹೆಸರು ಮತ್ತು ವರ್ಷ ಹುಡುಕಾಟಕ್ಕೆ ನೆರವಾಗುತ್ತದೆ.

ಅದೇ ಕೆಲಸವೇ?

ಹೆಚ್ಚು ಹೊತ್ತು ಕೂಡಬೇಕಾದ್ದು ಇಲ್ಲಿ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಅಬ್‌ಸ್ಟ್ರಾಕ್ಟ್: ಹಾವು ಕಡಿತದ ನಂತರ ಕಿಡ್ನಿಗೆ ಆಗುವ ತೊಂದರೆ, ಉತ್ತರ ಕರ್ನಾಟಕದ ಒಂದು ಆಸ್ಪತ್ರೆ, 2018ರ ಜನವರಿಯಿಂದ ಡಿಸೆಂಬರ್, 60 ರೋಗಿಗಳು. ಹುಡುಕಿದಾಗ ಮೂರು ಪೇಪರ್ ಸಿಗುತ್ತವೆ.

ಮೊದಲನೆಯದರಲ್ಲಿ 96 ರೋಗಿಗಳು, ಅವಧಿ 2018ರ ಜನವರಿಯಿಂದ 2019ರ ಜೂನ್. ಅಬ್‌ಸ್ಟ್ರಾಕ್ಟ್‌ನ ಮೊದಲ ಲೇಖಕರು ಇಲ್ಲಿ ಎರಡನೆಯವರು, ಗೈಡ್ ಕೊನೆಯಲ್ಲಿ. ಇದು ಹೊಂದುತ್ತದೆ. ಅಬ್‌ಸ್ಟ್ರಾಕ್ಟ್ ಕಳಿಸುವಾಗ ಅಧ್ಯಯನ ನಡುವೆ ಇತ್ತು, ಸಂಖ್ಯೆ ಬೆಳೆದಿದೆ, ಲೇಖಕರ ಸರದಿ ಬದಲಾಗಿದೆ. ಇವೆರಡೂ ದಿನನಿತ್ಯ ಕಾಣುವಂಥವು.

ಎರಡನೆಯದರ ಶೀರ್ಷಿಕೆ ಅಬ್‌ಸ್ಟ್ರಾಕ್ಟ್‌ನದೇ ನಕಲಿನಂತಿದೆ, ರೋಗಿಗಳೂ 60. ಲೇಖಕರ ಅಡ್ಡಹೆಸರು ಕೂಡ ಅದೇ. ಆದರೆ ಆಸ್ಪತ್ರೆ ಬೇರೆ, ಅವಧಿ 2015. ಇದು ಹೊಂದುವುದಿಲ್ಲ. ಶೀರ್ಷಿಕೆ ನೋಡಿ ಟಿಕ್ ಹಾಕುವವರು ಇಲ್ಲಿ ಬೀಳುತ್ತಾರೆ. 'ತೃತೀಯ ಹಂತದ ಆಸ್ಪತ್ರೆಯಲ್ಲಿ ಒಂದು ಅಧ್ಯಯನ' ಎಂದು ಕೊನೆಯಾಗುವ ಶೀರ್ಷಿಕೆಗಳು ನಮ್ಮ ದೇಶದಲ್ಲಿ ಲೆಕ್ಕವಿಲ್ಲದಷ್ಟಿವೆ.

ಮೂರನೆಯದು ಅದೇ ತಂಡದ್ದು, ಅದೇ ಅವಧಿ ಒಳಗಿದೆ, ಆದರೆ ವಿಷಯ ಹಾವು ಕಡಿತದ ಎಲ್ಲ ಪರಿಣಾಮಗಳು, 150 ರೋಗಿಗಳು, ಕಿಡ್ನಿಗೆ ಒಂದೇ ಕೋಷ್ಟಕ. ಇದಕ್ಕೆ 'ಭಾಗಶಃ' ಎಂಬ ದರ್ಜೆ ಕೊಟ್ಟು ಮುಖ್ಯ ಎಣಿಕೆಯ ಹೊರಗಿಡಿ. ಮೊದಲ ಪೇಪರ್ ಬಂದೇ ಇರದಿದ್ದರೆ ಈ ಮೂರನೆಯದನ್ನು ಒಪ್ಪಬೇಕೇ ಬೇಡವೇ ಎಂಬುದೇ ನಿಮ್ಮ ಶೇಕಡಾವಾರನ್ನು ಮೇಲೆ ಕೆಳಗೆ ಮಾಡುತ್ತದೆ.

ಹಾಗಾಗಿ ನಿಯಮ ಹೀಗಿರಲಿ: ಕನಿಷ್ಠ ಒಬ್ಬ ಲೇಖಕರು ಸಮಾನ, ಸ್ಥಳ ಒಂದೇ, ಅವಧಿ ಒಂದರೊಳಗೊಂದು ಸೇರುತ್ತದೆ, ಮುಖ್ಯ ಪ್ರಶ್ನೆ ಒಂದೇ. ನಾಲ್ಕೂ ಇದ್ದರೆ ಪೂರ್ಣ, ಸ್ಥಳ ಮತ್ತು ಅವಧಿ ಸೇರಿ ಪ್ರಶ್ನೆ ಹಿಗ್ಗಿದ್ದರೆ ಭಾಗಶಃ, ಉಳಿದದ್ದು ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಮೊದಲ 30ನ್ನು ಮಾಡಿ ಕಪ್ಪಾ (ಇಬ್ಬರ ತೀರ್ಮಾನ ಎಷ್ಟು ಹೊಂದುತ್ತದೆ ಎಂಬುದರ ಅಳತೆ, ಪೂರ್ತಿ ಹೊಂದಿದರೆ 1) ಲೆಕ್ಕ ಹಾಕಿ. 0.8ರ ಮೇಲಿದ್ದರೆ ಮುಂದುವರಿಯಿರಿ. 0.6ಕ್ಕಿಂತ ಕೆಳಗಿದ್ದರೆ ಜನರಲ್ಲಿ ಅಲ್ಲ, ನಿಯಮದಲ್ಲಿ ತಪ್ಪಿದೆ. ತಿದ್ದಿ ಮತ್ತೆ ಮೊದಲಿನಿಂದ. ಒಮ್ಮತ ಆಗದವನ್ನು ಮೂರನೆಯವರಿಗೆ ಒಪ್ಪಿಸಿ. ಆ ಮೂರನೆಯವರು ಅದೇ ಪೇಪರಿನ ಗೈಡ್ ಆಗಿರಬಾರದು, ಇದನ್ನು ಹೇಳಬೇಕಾಗಿ ಬರುತ್ತದೆ.

ಕಾನ್ಫರೆನ್ಸ್‌ಗೆ ಮೊದಲೇ ಪ್ರಕಟವಾಗಿದ್ದ ಪೇಪರ್‌ಗಳೂ ಕೆಲವು ಸಿಗುತ್ತವೆ. ಅವನ್ನು ಬೇರೆ ಸಾಲಿನಲ್ಲಿ ತೋರಿಸಿ. 'ಎಷ್ಟು ತಿಂಗಳು ಹಿಡಿಯಿತು' ಎಂಬ ಲೆಕ್ಕಕ್ಕೆ ಸೇರಿಸಿದರೆ ಋಣ ಸಂಖ್ಯೆ ಬಂದು ಸರಾಸರಿ ಕೆಡುತ್ತದೆ.

ಲೆಕ್ಕ

120ರಲ್ಲಿ 42 ಪೇಪರ್ ಆದವು ಎನ್ನಿ. ಶೇ 35. ಅದರ ಜೊತೆ ಶೇ 95ರ ವಿಶ್ವಾಸಾಂತರ (ನಿಜವಾದ ಶೇಕಡಾವಾರು ಇರಬಹುದಾದ ವ್ಯಾಪ್ತಿ) ಬರೆಯಲೇಬೇಕು: ಶೇ 26.5ರಿಂದ 43.5. ಕೊಕ್ರೇನ್‌ನ 37.3 ಇದರ ಒಳಗೇ ಬೀಳುವುದರಿಂದ 'ನಾವು ಜಗತ್ತಿಗಿಂತ ಹಿಂದೆ' ಎಂದಾಗಲಿ 'ಸಮ' ಎಂದಾಗಲಿ ಘೋಷಿಸುವಂಥದ್ದು ಏನೂ ಇಲ್ಲ. ಒಂದೇ ವಿಭಾಗದ 20 ಅಬ್‌ಸ್ಟ್ರಾಕ್ಟ್‌ಗಳಲ್ಲಿ 4 ಎಂದಾದರೆ ಶೇ 20, ಆದರೆ ವಿಲ್ಸನ್ ವಿಧಾನದಲ್ಲಿ ಅಂತರ ಶೇ 8ರಿಂದ 42. ಇಷ್ಟು ಚಿಕ್ಕ ಸಂಖ್ಯೆ ಹಿಡಿದು ವಿಭಾಗ-ವಿಭಾಗಗಳನ್ನು ಹೋಲಿಸಿ ನೋಟಿಸ್ ಬೋರ್ಡಿಗೆ ಅಂಟಿಸುವ ಆಡಳಿತದವರಿಗೆ ಈ ಸಾಲನ್ನು ತೋರಿಸಿ.

ಸಮಯದ ಲೆಕ್ಕದಲ್ಲಿ ಸಾಮಾನ್ಯ ತಪ್ಪು ಒಂದಿದೆ. ಪೇಪರ್ ಆದ 42ನ್ನಷ್ಟೇ ತೆಗೆದುಕೊಂಡು 'ಮೀಡಿಯನ್ 17 ತಿಂಗಳು' (ಅಂದರೆ ಅರ್ಧದಷ್ಟು ಅಷ್ಟರೊಳಗೆ ಬಂದವು) ಎಂದು ಬರೆದರೆ, ಒಂದು ಅಬ್‌ಸ್ಟ್ರಾಕ್ಟ್ ಪೇಪರ್ ಆಗಲು 17 ತಿಂಗಳು ಸಾಕು ಎಂದು ಓದುಗರು ತಿಳಿಯುತ್ತಾರೆ. 120ರಲ್ಲಿ ಅರ್ಧದಷ್ಟೂ ಪ್ರಕಟವಾಗಿಲ್ಲ ಎಂದ ಮೇಲೆ ಒಟ್ಟಾರೆ ಮೀಡಿಯನ್ ಎಂಬುದೇ ಇಲ್ಲ. ಅದರ ಬದಲು 12, 24, 36, 48 ತಿಂಗಳಿಗೆ ಒಟ್ಟು ಶೇಕಡಾ ಎಷ್ಟು ಎಂದು ಕೊಡಿ. ಒಂದೇ ಕಾನ್ಫರೆನ್ಸ್ ಆಗಿದ್ದರೆ ಎಲ್ಲಕ್ಕೂ ಕಾದ ಕಾಲ ಒಂದೇ, ಹೀಗೆ ನೇರ ಎಣಿಸಿದರೆ ಸಾಕು. ಬೇರೆ ಬೇರೆ ವರ್ಷದ ಕಾನ್ಫರೆನ್ಸ್‌ಗಳನ್ನು ಕೂಡಿಸಿದಾಗ ಮಾತ್ರ, ಕಾದ ಕಾಲದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವ ಕಪ್ಲಾನ್-ಮೈಯರ್ ವಿಧಾನ ಬೇಕಾಗುತ್ತದೆ. ಉಚಿತವಾಗಿ ಸಿಗುವ ಅಂಕಿಅಂಶದ ಸಾಫ್ಟ್‌ವೇರ್‌ಗಳಾದ ಜಮೋವಿ ಅಥವಾ ಆರ್‌ನಲ್ಲಿ ಎರಡೂ ಆಗುತ್ತವೆ. ದಿನಾಂಕಕ್ಕೆ ಮೊದಲು ಆನ್‌ಲೈನ್ ಬಂದ ದಿನವನ್ನೇ ಹಿಡಿಯಿರಿ. ಅಚ್ಚಿನ ಸಂಚಿಕೆ ಒಂದು ವರ್ಷ ತಡವಾಗಿಯೂ ಬರಬಹುದು.

ಸಿಗದವರನ್ನು ಕೇಳುವುದು

ಪೇಪರ್ ಸಿಗದ ಸಾಲುಗಳ ಲೇಖಕರಿಗೆ ಇಮೇಲ್ ಮಾಡಿ. ಪ್ರಶ್ನೆ ಮೂರೇ ಇರಲಿ: ಪ್ರಕಟವಾಗಿದೆಯೇ, ಆಗಿದ್ದರೆ ಎಲ್ಲಿ; ಜರ್ನಲ್‌ಗೆ ಒಮ್ಮೆಯಾದರೂ ಕಳಿಸಿದ್ದಿರಾ; ಕಳಿಸಿಲ್ಲವಾದರೆ ಮುಖ್ಯ ಕಾರಣ ಒಂದು. ಪಿ.ಜಿ.ಯ ಕಾಲೇಜು ಇಮೇಲ್ ಕೋರ್ಸ್ ಮುಗಿದ ಕೂಡಲೇ ಸತ್ತಿರುತ್ತದೆ, ಗೈಡ್‌ಗೂ ಪ್ರತಿ ಕಳಿಸಿ. ಎರಡು ವಾರಕ್ಕೊಮ್ಮೆಯಂತೆ ಎರಡು ನೆನಪೋಲೆ, ಅಲ್ಲಿಗೆ ಸಾಕು. ಈಗಾಗಲೇ ಬಹಿರಂಗವಾಗಿರುವ ಅಬ್‌ಸ್ಟ್ರಾಕ್ಟ್‌ಗಳ ಎಣಿಕೆಗೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯಡಿ ನೈತಿಕ ಸಮಿತಿಯ ವಿನಾಯಿತಿ ಕೇಳಬಹುದು. ಲೇಖಕರನ್ನು ಪ್ರಶ್ನಿಸುವುದಾದರೆ ಅದನ್ನು ಅರ್ಜಿಯಲ್ಲಿ ಸೇರಿಸಿ, ಮೊದಲೇ ಅನುಮತಿ ಪಡೆಯಿರಿ.

ಉತ್ತರ ಏನು ಬರಬಹುದು ಎಂಬುದಕ್ಕೆ ಸೂಚನೆ ಇದೆ. ಇಂಥ ಸಮೀಕ್ಷೆಗಳನ್ನೆಲ್ಲ ಕೂಡಿಸಿ 2015ರಲ್ಲಿ ಬಂದ ವಿಮರ್ಶೆಯಲ್ಲಿ ಲೇಖಕರು ಕೊಟ್ಟ ಮೊದಲ ಕಾರಣ ಸಮಯದ ಅಭಾವ. ಜರ್ನಲ್ ತಿರಸ್ಕರಿಸಿತು ಎಂಬುದು ನಾವು ಅಂದುಕೊಳ್ಳುವಷ್ಟು ದೊಡ್ಡ ಕಾರಣ ಅಲ್ಲ. ಕಳಿಸಿದರೆ ತಾನೇ ತಿರಸ್ಕರಿಸುವುದು. ನಮ್ಮ ವ್ಯವಸ್ಥೆಯೂ ಇದಕ್ಕೆ ದಾರಿ ಮಾಡಿಕೊಟ್ಟಿತ್ತು. ಎಂಸಿಐ (ಹಿಂದಿನ ಭಾರತೀಯ ವೈದ್ಯಕೀಯ ಮಂಡಳಿ) ಕಾಲದ ಪಿ.ಜಿ. ನಿಯಮಾವಳಿಯಲ್ಲಿ ಪೇಪರ್ ಪ್ರಕಟವಾಗಿರಬೇಕು, ಸ್ವೀಕೃತವಾಗಿರಬೇಕು ಅಥವಾ ಪ್ರಕಟಣೆಗೆ ಕಳಿಸಿರಬೇಕು ಎಂದಿತ್ತು. ಮೂರನೆಯದೇ ಸಾಕು ಎಂದಾಗ ಮೊದಲೆರಡಕ್ಕೆ ಕಾಯುವವರು ಯಾರು?

ಎಣಿಕೆ ಮುಗಿದ ಮೇಲೆ ವಿಭಾಗದಲ್ಲಿ ಬದಲಿಸಬಹುದಾದ್ದು ಏನೆಂದರೆ ಕೆಲಸದ ಸರದಿ. ಅಬ್‌ಸ್ಟ್ರಾಕ್ಟ್ ಕಳಿಸುವ ದಿನವೇ ಪೇಪರಿನ ಲೇಖಕರ ಹೆಸರು ಮತ್ತು ಸರದಿಯನ್ನು ಲಿಖಿತವಾಗಿ ಮುಗಿಸಬೇಕು. ಪಿ.ಜಿ. ಕೋರ್ಸ್ ಮುಗಿದು ಇಂತಿಷ್ಟು ತಿಂಗಳೊಳಗೆ ಕರಡು ಬರದಿದ್ದರೆ ಗೈಡ್ ಬರೆಯಬಹುದು, ಪಿ.ಜಿ.ಯ ಹೆಸರು ಉಳಿಯುತ್ತದೆ ಎಂಬ ಸಾಲೂ ಅದರಲ್ಲಿರಲಿ. ವಿಧಾನದ ಭಾಗ ಮತ್ತು ಕೋಷ್ಟಕಗಳು ಪೋಸ್ಟರ್ ಜೊತೆಯಲ್ಲೇ ತಯಾರಾಗಬೇಕು. ಪೋಸ್ಟರ್ ಮಾಡಲು ಹೇಗೂ ಅವು ಬೇಕು. ಟ್ರಯಲ್ ಆಗಿದ್ದರೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲು ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ಸರ್ಕಾರಿ ದಾಖಲೆ ತಾಣ) ನೋಂದಣಿ. 2018ರ ಏಪ್ರಿಲ್ 1ರಿಂದ ಅಲ್ಲಿ ಹಿಂದಿನ ದಿನಾಂಕದ ನೋಂದಣಿ ಇಲ್ಲ, ನೋಂದಣಿ ಇಲ್ಲದ ಟ್ರಯಲನ್ನು ಒಳ್ಳೆಯ ಜರ್ನಲ್ ತೆರೆದೂ ನೋಡುವುದಿಲ್ಲ. 'ಅಬ್‌ಸ್ಟ್ರಾಕ್ಟ್ ಬಂದಾಗಿದೆ, ಮತ್ತೆ ಪೇಪರ್ ಕಳಿಸಿದರೆ ಡಬಲ್ ಪ್ರಕಟಣೆ ಆಗುತ್ತದಲ್ಲ' ಎಂಬ ಹೆದರಿಕೆಗೆ ಆಧಾರ ಇಲ್ಲ: ಕಾನ್ಫರೆನ್ಸಿನಲ್ಲಿ ಅಬ್‌ಸ್ಟ್ರಾಕ್ಟ್ ಅಥವಾ ಪೋಸ್ಟರ್ ಆಗಿ ಬಂದದ್ದನ್ನು ಪರಿಗಣಿಸಲು ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಅಡ್ಡಿ ಇಲ್ಲ. ಕವರಿಂಗ್ ಲೆಟರ್‌ನಲ್ಲಿ ಕಾನ್ಫರೆನ್ಸಿನ ಹೆಸರು, ದಿನಾಂಕ ಹೇಳಿದರಾಯಿತು. ಪ್ರೊಸೀಡಿಂಗ್ಸ್‌ನಲ್ಲಿ ಆರೆಂಟು ಪುಟದ ಪೂರ್ಣ ಲೇಖನವೇ ಬಂದಿದ್ದರೆ ಮಾತ್ರ ಸಂಪಾದಕರನ್ನು ಕೇಳಿಯೇ ಮುಂದುವರಿಯಬೇಕು.

ಮಾಸ್ಟರ್ ಚಾರ್ಟ್‌ನ (ಎಲ್ಲ ರೋಗಿಗಳ ಮಾಹಿತಿಯ ಪಟ್ಟಿಯ) ಸಾಫ್ಟ್ ಕಾಪಿ, ನೈತಿಕ ಸಮಿತಿಯ ಪತ್ರ, ಅಂಕಿಅಂಶ ವಿಶ್ಲೇಷಣೆಯ ಫೈಲ್, ಈ ಮೂರನ್ನು ಪಿ.ಜಿ. ರಿಲೀವ್ ಆಗುವ ಮೊದಲು, ನೋ-ಡ್ಯೂ ಸಹಿ ಹಾಕುವಾಗಲೇ ವಿಭಾಗದ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ರೋಗಿಗಳ ಹೆಸರು, ಐಪಿ ನಂಬರ್ ತೆಗೆದ ಪ್ರತಿ ಒಂದು, ಇದ್ದದ್ದು ಇನ್ನೊಂದು, ಎರಡನೆಯದಕ್ಕೆ ಪಾಸ್‌ವರ್ಡ್. ಎಣಿಕೆಯ ಸ್ಪ್ರೆಡ್‌ಶೀಟನ್ನೂ ನಿಯಮದ ಪುಟದ ಜೊತೆ ಅದೇ ಫೋಲ್ಡರಿನಲ್ಲಿ ಇಡಿ. ಎರಡು ವರ್ಷ ಬಿಟ್ಟು 'ಇಲ್ಲ' ಎಂದಿರುವ ಸಾಲುಗಳನ್ನಷ್ಟೇ ಮತ್ತೆ ಹುಡುಕಿದರೆ ಸಾಕಾಗುತ್ತದೆ.